ಪುಟ್ಟ ವಿಮಾನಗಳ ವೇಗ ಮತ್ತು ನಡತೆ

ದನಗಳ ಜಾತ್ರೆಗೆ ಎತ್ತು ಕೊಳ್ಳಲು ಹೋದ ರೈತ ಹಲ್ಲು ನೋಡುತ್ತಾನೆ, ಸುಳಿ ನೋಡುತ್ತಾನೆ, ಬೆಲೆ ವಿಚಾರಿಸುತ್ತಾನೆ. ಅಷ್ಟಕ್ಕೇ ಹಣ ಎಣಿಸಿ ಕೊಟ್ಟುಬಿಡುವುದಿಲ್ಲ. ನೊಗಕ್ಕೆ ಕಟ್ಟಿಸಿ ನಾಲ್ಕು ಮಾರು ನಡೆಸಿ ನೋಡುತ್ತಾನೆ. ಎಷ್ಟು ಭಾರ ಎಳೆಯುತ್ತದೆ ಎಂಬುದು ಒಂದು ಪ್ರಶ್ನೆ. ಕತ್ತಲಲ್ಲಿ, ಇಳಿಜಾರಿನಲ್ಲಿ, ಹೊಡೆಯುವವನ ಕೈ ತಪ್ಪಿದಾಗ ಹೇಗೆ ನಡೆದುಕೊಳ್ಳುತ್ತದೆ ಎಂಬುದು ಬೇರೆಯೇ ಪ್ರಶ್ನೆ.

ಪುಟ್ಟ ವಿಮಾನಗಳ ವಿಚಾರವೂ ಹೀಗೆಯೇ. ಒಂದೇ ಎಂಜಿನ್, ಮೂಗಿನಲ್ಲಿ ಒಂದು ಪ್ರೊಪೆಲರ್, ಎರಡೋ ನಾಲ್ಕೋ ಆಸನ. ಮೋಟಾರು ಕಾರಿನಂತೆ ಒಬ್ಬ ವ್ಯಕ್ತಿ ತಾನೇ ನಡೆಸಬಹುದಾದ ಈ ವಿಮಾನಗಳಲ್ಲಿ ನೂರಾರು ಜಾತಿಗಳಿವೆ. ಇವುಗಳನ್ನು ಕೊಳ್ಳುವ ಯೋಗ ನಮ್ಮಲ್ಲಿ ಬಹು ಮಂದಿಗೆ ಇಲ್ಲವೆನ್ನಿ. ಆದರೆ ನಿಮ್ಮ ಮನೆಯ ಹುಡುಗನೋ ಹುಡುಗಿಯೋ ವಿಮಾನ ನಡೆಸಲು ಕಲಿಯುತ್ತೇನೆಂದು ಹಟ ಹಿಡಿಯಬಹುದು. ಹೊರದೇಶದಲ್ಲಿರುವ ಬಂಧುವೊಬ್ಬರು “ಬನ್ನಿ, ನನ್ನ ವಿಮಾನದಲ್ಲಿ ಒಂದು ಸುತ್ತು ಹೋಗಿ ಬರೋಣ” ಎಂದು ಕರೆಯಬಹುದು. ಆಗ ಏನನ್ನು ಕೇಳಬೇಕು, ಯಾವುದಕ್ಕೆ ಬೆಲೆ ಕೊಡಬೇಕು ಎಂಬುದು ತಿಳಿದಿದ್ದರೆ ಒಳಿತು.

ವಿಮಾನವನ್ನು ಎರಡು ತೂಕದ ಕಲ್ಲುಗಳಿಂದ ತೂಗಬೇಕು. ಒಂದು ಸಾಮರ್ಥ್ಯ: ಎಷ್ಟು ವೇಗ, ಎಷ್ಟು ಭಾರ, ಎಷ್ಟು ದೂರ, ಏಳಲು ಇಳಿಯಲು ಎಷ್ಟು ಉದ್ದದ ಬಯಲು. ಇವನ್ನೆಲ್ಲ ತಯಾರಕರು ಅಂಕಿಗಳಲ್ಲಿ ಅಚ್ಚು ಮಾಡಿ ಕೊಡುತ್ತಾರೆ. ಇನ್ನೊಂದು ನಡತೆ: ನಡೆಸುವವನ ಕೈಗೆ ಅದು ಹೇಗೆ ಓಗೊಡುತ್ತದೆ, ಅವನು ತಪ್ಪಿದಾಗ ಏನು ಮಾಡುತ್ತದೆ. ಇದಕ್ಕೆ ಅಂಕಿಯಿಲ್ಲ. ಆದರೆ ಜೀವ ಉಳಿಯುವುದೂ ಹೋಗುವುದೂ ಹೆಚ್ಚಾಗಿ ಈ ಎರಡನೆಯದರ ಮೇಲೆ ನಿಂತಿದೆ.

ಮೊದಲು ಒಂದು ಮುಖ್ಯ ಸಂಗತಿಯನ್ನು ಮನವರಿಕೆ ಮಾಡಿಕೊಳ್ಳೋಣ. ಜೋರಾಗಿ ಗಾಳಿ ಬೀಸುವಾಗ ಮೊರವನ್ನು ಗಾಳಿಗೆ ಎದುರಾಗಿ ಚಪ್ಪಟೆಯಾಗಿ ಹಿಡಿದು ನೋಡಿ. ಮುಂದಿನ ಅಂಚನ್ನು ಸ್ವಲ್ಪ ಮೇಲೆತ್ತಿದರೆ ಮೊರ ಕೈಯಿಂದ ಮೇಲಕ್ಕೆ ಹಾರಲು ನೋಡುತ್ತದೆ. ಇನ್ನೂ ಎತ್ತಿದರೆ ಮೇಲಕ್ಕೆ ಹೋಗುವ ಹುಮ್ಮಸ್ಸು ಕೆಟ್ಟು, ಗಾಳಿ ಅದನ್ನು ಹಿಂದಕ್ಕೆ ತಳ್ಳುತ್ತದೆ, ಅಷ್ಟೆ. ವಿಮಾನದ ರೆಕ್ಕೆಯೂ ಇದೇ ರೀತಿ. ವೇಗ ಕಡಿಮೆಯಾದಂತೆ ಎತ್ತರ ಉಳಿಸಿಕೊಳ್ಳಲು ಮೂಗನ್ನು ಹೆಚ್ಚು ಹೆಚ್ಚು ಎತ್ತಬೇಕಾಗುತ್ತದೆ. ಒಂದು ಮಿತಿ ದಾಟಿದರೆ ರೆಕ್ಕೆಯ ಮೇಲ್ಮೈಯಿಂದ ಗಾಳಿ ಬಿಟ್ಟುಹೋಗಿ, ವಿಮಾನಕ್ಕೆ ಆಧಾರ ತಪ್ಪುತ್ತದೆ. ಇದಕ್ಕೆ ವೈಮಾನಿಕರು ‘ಸ್ಟಾಲ್’ ಎನ್ನುತ್ತಾರೆ. ಎಂಜಿನ್ ನಿಂತುಹೋಗುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಎಂಜಿನ್ ಭೋರ್ಗರೆಯುತ್ತಿರುವಾಗಲೂ ರೆಕ್ಕೆ ಸೋಲಬಹುದು. ಹೀಗೆ ಆಧಾರ ತಪ್ಪುವ ವೇಗ ಒಂದೊಂದು ವಿಮಾನಕ್ಕೂ ಒಂದೊಂದು. ಆ ಗಳಿಗೆಯಲ್ಲಿ ಅದು ತೋರುವ ನಡತೆಯೂ ಒಂದೊಂದು.

ಇದರಲ್ಲಿ ಇನ್ನೊಂದು ಸೂಕ್ಷ್ಮವಿದೆ. ವಿಮಾನ ಓರೆಯಾಗಿ ತಿರುಗುವಾಗ ರೆಕ್ಕೆಗಳ ಮೇಲಿನ ಹೊರೆ ಹೆಚ್ಚುತ್ತದೆ, ಆಧಾರ ತಪ್ಪುವ ವೇಗವೂ ಮೇಲೇರುತ್ತದೆ. ಎತ್ತರ ಕಳೆದುಕೊಳ್ಳದೆ ೩೦ ಡಿಗ್ರಿ ಓರೆಯಲ್ಲಿ ತಿರುಗಿದರೆ ಅದು ನೂರಕ್ಕೆ ೭ರಷ್ಟು ಹೆಚ್ಚು. ೪೫ ಡಿಗ್ರಿಯಲ್ಲಿ ನೂರಕ್ಕೆ ೧೯. ೬೦ ಡಿಗ್ರಿಯಲ್ಲಿ ನೂರಕ್ಕೆ ೪೧! ನೇರವಾಗಿ ಹಾರುವಾಗ ಗಂಟೆಗೆ ೯೦ ಕಿಲೋಮೀಟರಿನವರೆಗೆ ತಾಳುವ ವಿಮಾನ, ೬೦ ಡಿಗ್ರಿ ತಿರುವಿನಲ್ಲಿ ೧೨೭ಕ್ಕೇ ಸೋಲುತ್ತದೆ. ಇಳಿಯಲು ಬರುವ ವೈಮಾನಿಕ ಓಡುದಾರಿಯನ್ನು ದಾಟಿಹೋಗಿ, ಗಾಬರಿಯಿಂದ ತಗ್ಗಿನಲ್ಲಿ ಬಿಗಿಯಾಗಿ ತಿರುಗಿಸಿದಾಗ ಆಗುವ ಅನಾಹುತದ ಮೂಲ ಇದು. ಮೇಲೆ ಸಾವಿರ ಮೀಟರ್ ಎತ್ತರದಲ್ಲಿ ಇದೇ ತಪ್ಪಾದರೆ ಮೂಗು ತಗ್ಗಿಸಿ ವೇಗ ಪಡೆದು ಸುಧಾರಿಸಿಕೊಳ್ಳಬಹುದು. ನೂರು ಮೀಟರಿನಲ್ಲಿ ಅದಕ್ಕೆ ಎಡೆಯಿಲ್ಲ.

ಇನ್ನು ಕೆಲವು ವಿಮಾನಗಳನ್ನು ಒಂದೊಂದಾಗಿ ನೋಡೋಣ.

ಹಳೆಯ ತಲೆಮಾರಿನಲ್ಲಿ ಮೊದಲು ನೆನೆಯಬೇಕಾದದ್ದು ಅಮೆರಿಕದ ಪೈಪರ್ ಕಬ್. ೧೯೩೮ರಿಂದ ೧೯೪೭ರವರೆಗೆ ಸುಮಾರು ೨೦,೦೦೦ದಷ್ಟು ತಯಾರಾದ ಈ ಹಳದಿ ಬಣ್ಣದ ವಿಮಾನಕ್ಕೆ ಬಟ್ಟೆ ಹೊದಿಸಿದ ಮೈ, ತಲೆಯ ಮೇಲೆ ರೆಕ್ಕೆ, ಒಂದರ ಹಿಂದೊಂದು ಎರಡು ಆಸನ, ೬೫ ಅಶ್ವಶಕ್ತಿಯ ಎಂಜಿನ್. ಮೈಗೆ ವಿದ್ಯುತ್ತಿನ ಸಂಪರ್ಕವೇ ಇಲ್ಲ. ಪ್ರೊಪೆಲರನ್ನು ಕೈಯಿಂದ ತಿರುಗಿಸಿ ಚಾಲೂ ಮಾಡಬೇಕು. ಪೆಟ್ರೋಲ್ ಎಷ್ಟಿದೆ ಎಂದು ತಿಳಿಯಲು ಒಂದು ತಂತಿ ಸಿಕ್ಕಿಸಿದ ಬಿರಡೆ ಟ್ಯಾಂಕಿನೊಳಗೆ ತೇಲುತ್ತಿರುತ್ತದೆ. ಮುಚ್ಚಳದಿಂದ ಹೊರಗೆ ಕಾಣುವ ತಂತಿ ಗಿಡ್ಡವಾದಂತೆ ಪೆಟ್ರೋಲ್ ಮುಗಿಯುತ್ತಿದೆ ಎಂದು ಲೆಕ್ಕ. ಒಬ್ಬನೇ ಹೋಗುವುದಾದರೆ ತೂಕ ಸರಿದೂಗಲೆಂದು ಹಿಂದಿನ ಆಸನದಲ್ಲಿ ಕೂಡಬೇಕು. ಸಾಮಾನ್ಯ ವೇಗ ಗಂಟೆಗೆ ೧೨೦ ಕಿಲೋಮೀಟರ್. ಆಧಾರ ತಪ್ಪುವುದು ಸುಮಾರು ೬೦ರಲ್ಲಿ.

ಅಂಕಿಗಳನ್ನು ನೋಡಿದರೆ ಇದೇನು ಮಹಾ ಎನ್ನಿಸೀತು. ಆದರೆ ಆಕಾಶದಲ್ಲಿ ಇದರಷ್ಟು ಸಾಧು ಪ್ರಾಣಿ ವಿರಳ. ವೇಗ ಕುಂದಿದಾಗ ಹಿಡಿಗೋಲು ಸಡಿಲವಾಗುತ್ತದೆ, ಗಾಳಿಯ ಸದ್ದು ಇಳಿಯುತ್ತದೆ, ಮೈ ನಡುಗುತ್ತದೆ. ಮುನ್ಸೂಚನೆ ಕೊಟ್ಟೇ ಮೂಗು ಬಾಗಿಸುತ್ತದೆ. ಅದರ ಹಟವೆಲ್ಲ ನೆಲದ ಮೇಲೆ. ಎರಡು ದೊಡ್ಡ ಗಾಲಿ ಮುಂದೆ, ಒಂದು ಪುಟ್ಟ ಗಾಲಿ ಬಾಲದಡಿ. ಭಾರದ ಕೇಂದ್ರ ದೊಡ್ಡ ಗಾಲಿಗಳ ಹಿಂದಿದೆ. ಎತ್ತಿನ ಗಾಡಿಯನ್ನು ಹಿಮ್ಮುಖವಾಗಿ ತಳ್ಳಿ ನೋಡಿದವರಿಗೆ ಇದರ ಕಷ್ಟ ಗೊತ್ತು. ಸ್ವಲ್ಪ ಸೊಟ್ಟಗಾದರೆ ಇನ್ನೂ ಸೊಟ್ಟಗಾಗುತ್ತ ಹೋಗುತ್ತದೆ. ಇಳಿದ ಮೇಲೆ ವೈಮಾನಿಕ ಕಾಲಿನ ಪೆಡಲುಗಳನ್ನು ಮರೆತರೆ, ಬಾಲ ಸುತ್ತಿ ಮುಂದೆ ಬಂದು ರೆಕ್ಕೆಯ ತುದಿ ನೆಲಕ್ಕೆ ತಾಗುತ್ತದೆ. ಈ ಕಾರಣದಿಂದಲೇ ಕಬ್‌ನಲ್ಲಿ ಕಲಿತವರ ಕಾಲುಗಳು ಚುರುಕು ಎಂಬ ಮಾತು ಹುಟ್ಟಿತು.

ಪೆಡಲುಗಳ ತಾಪತ್ರಯವೇ ಬೇಡವೆಂದು ಯೋಚಿಸಿದವರೂ ಉಂಟು. ಫ್ರೆಡ್ ವೈಕ್ ಎಂಬ ಅಮೆರಿಕದ ಎಂಜಿನಿಯರ್ ರೂಪಿಸಿದ ಎರ್‌ಕೂಪ್ ವಿಮಾನಕ್ಕೆ ೧೯೪೦ರಲ್ಲಿ ಸರ್ಕಾರದ ಒಪ್ಪಿಗೆ ದೊರೆಯಿತು. ಅದರಲ್ಲಿ ಕೈಚಕ್ರ ತಿರುಗಿಸಿದರೆ ರೆಕ್ಕೆಯ ಪಟ್ಟಿಗಳೂ ಬಾಲದ ಚುಕ್ಕಾಣಿಯೂ ಒಟ್ಟಿಗೇ ತಿರುಗುತ್ತಿದ್ದವು. ಮೂಗನ್ನು ಮಿತಿಮೀರಿ ಎತ್ತಲು ಆಗದಂತೆಯೂ ಕಟ್ಟಿದ್ದರು. ಹೀಗಾಗಿ ಅದು ಬುಗುರಿಯಂತೆ ಸುತ್ತುತ್ತ ಬೀಳುವ ಭಯವಿರಲಿಲ್ಲ. ಆದರೆ ಅಡ್ಡಗಾಳಿ ಬೀಸುವಾಗ ಏಡಿಯ ಹಾಗೆ ಓರೆಯಾಗಿಯೇ ಬಂದು ನೆಲ ಮುಟ್ಟಬೇಕಾಗುತ್ತಿತ್ತು. ಒಂದು ಕಡೆ ಪಡೆದುಕೊಂಡದ್ದಕ್ಕೆ ಇನ್ನೊಂದು ಕಡೆ ಬೆಲೆ ತೆರಬೇಕು ಎಂಬುದಕ್ಕೆ ಇದೊಂದು ನಿದರ್ಶನ.

ಈಗ ಸೆಸ್ನಾ ೧೭೨ಕ್ಕೆ ಬರೋಣ. ೧೯೫೫ರಲ್ಲಿ ಮೊದಲು ಹಾರಿ, ೧೯೫೬ರಿಂದ ಮಾರಾಟಕ್ಕೆ ಬಂದ ಈ ನಾಲ್ಕು ಆಸನದ ವಿಮಾನ ಇದುವರೆಗೆ ೪೪,೦೦೦ಕ್ಕೂ ಹೆಚ್ಚು ತಯಾರಾಗಿದೆ. ಬೇರೆ ಯಾವ ವಿಮಾನವೂ ಇಷ್ಟು ಸಂಖ್ಯೆಯಲ್ಲಿ ತಯಾರಾಗಿಲ್ಲ. ಲೋಹದ ಮೈ, ಮೇಲೆ ರೆಕ್ಕೆ, ಅದಕ್ಕೆ ಆಸರೆಯಾಗಿ ಓರೆ ಕಂಬ. ಪುಟ್ಟ ಗಾಲಿ ಬಾಲ ಬಿಟ್ಟು ಮೂಗಿನಡಿ ಬಂದಿದೆ. ಭಾರದ ಕೇಂದ್ರ ದೊಡ್ಡ ಗಾಲಿಗಳ ಮುಂದಿರುವುದರಿಂದ ಸೊಟ್ಟಗೆ ಇಳಿದರೂ ತಾನಾಗಿಯೇ ನೆಟ್ಟಗಾಗುತ್ತದೆ. ಈಚಿನ ಮಾದರಿಗೆ ೧೮೦ ಅಶ್ವಶಕ್ತಿ. ವೇಗ ಗಂಟೆಗೆ ಸುಮಾರು ೨೨೫ ಕಿಲೋಮೀಟರ್. ರೆಕ್ಕೆಯ ಹಿಂದಿನ ಫ್ಲಾಪ್‌ಗಳನ್ನು ಇಳಿಬಿಟ್ಟರೆ ೯೦ರ ಸಮೀಪದವರೆಗೆ ನಿಧಾನವಾಗಿ ಹಾರಬಲ್ಲದು. ೧೯೫೮ರ ಡಿಸೆಂಬರಿನಲ್ಲಿ ಇಬ್ಬರು ಈ ಜಾತಿಯ ವಿಮಾನವನ್ನು ಅಮೆರಿಕದ ಲಾಸ್ ವೇಗಸ್ ನಗರದಿಂದ ಮೇಲೆಬ್ಬಿಸಿದವರು, ಕೆಳಗೆ ಓಡುವ ಲಾರಿಯಿಂದ ಕೊಳವೆಯ ಮೂಲಕ ಪೆಟ್ರೋಲ್ ತುಂಬಿಸಿಕೊಳ್ಳುತ್ತ, ೧೯೫೯ರ ಫೆಬ್ರವರಿಯವರೆಗೆ ೬೪ ದಿನ ೨೨ ಗಂಟೆ ಕಾಲ ನೆಲ ಮುಟ್ಟದೆ ಹಾರಿದರು. ಲಾರಿಯ ವೇಗಕ್ಕೆ ಹೊಂದಿಕೊಂಡು ತಗ್ಗಿನಲ್ಲಿ ಹಾರುವುದು ಸಾಧು ಸ್ವಭಾವದ ವಿಮಾನಕ್ಕೆ ಮಾತ್ರ ಸಾಧ್ಯ.

ಆದರೆ ನಾಲ್ಕು ಆಸನವೆಂದರೆ ನಾಲ್ಕು ಜನ ಎಂದು ತಿಳಿಯಬೇಡಿ. ಲೆಕ್ಕ ಹಾಕಿ ನೋಡಿ. ಈಚಿನ ಸೆಸ್ನಾ ೧೭೨ರ ಒಟ್ಟು ತೂಕ ೧,೧೫೭ ಕಿಲೋಗ್ರಾಂ ಮೀರಬಾರದು. ಬರಿಯ ವಿಮಾನದ ತೂಕವೇ ಸುಮಾರು ೭೫೫. ಉಳಿದದ್ದು ೪೦೦. ಪೆಟ್ರೋಲನ್ನು ಪೂರ್ತಿ ತುಂಬಿದರೆ ೨೦೦ ಲೀಟರ್, ಎಂದರೆ ಸುಮಾರು ೧೪೫ ಕಿಲೋ. ಮಿಕ್ಕ ೨೫೫ರಲ್ಲಿ ೭೫ ಕಿಲೋದ ಮೂವರು ಕೂತರೆ ಗಂಟುಮೂಟೆಗೆ ಉಳಿಯುವುದು ೩೦ ಕಿಲೋ! ನಾಲ್ಕನೆಯವರನ್ನು ಹತ್ತಿಸಿಕೊಳ್ಳಬೇಕಾದರೆ ಪೆಟ್ರೋಲ್ ಇಳಿಸಬೇಕು, ಎಂದರೆ ದೂರವನ್ನು ಬಿಟ್ಟುಕೊಡಬೇಕು. ಸಂಕೋಚಕ್ಕೆ ಬಿದ್ದು “ಆಗಲಿ, ನೀವೂ ಬನ್ನಿ” ಎಂದ ಎಷ್ಟೋ ವೈಮಾನಿಕರು ಆಮೇಲೆ ಓಡುದಾರಿಯ ಕೊನೆಯಲ್ಲಿ ಪಶ್ಚಾತ್ತಾಪಪಟ್ಟಿದ್ದಾರೆ.

ಸೆಸ್ನಾಕ್ಕೆ ಸರಿಜೋಡಿ ಪೈಪರ್ ಚೆರೊಕೀ. ೧೯೬೦ರಲ್ಲಿ ಮೊದಲು ಹಾರಿತು. ಇದರ ರೆಕ್ಕೆ ಕೆಳಗಿದೆ. ಎರಡರಲ್ಲಿ ಯಾವುದು ಲೇಸು ಎಂಬ ವಾದ ವೈಮಾನಿಕರ ಕೂಟಗಳಲ್ಲಿ ಇನ್ನೂ ಮುಗಿದಿಲ್ಲ. ರೆಕ್ಕೆ ಮೇಲಿದ್ದರೆ ಕೆಳಗಿನ ಊರು ಕೆರೆಗಳೆಲ್ಲ ಚೆನ್ನಾಗಿ ಕಾಣುತ್ತವೆ, ಬಿಸಿಲು ಮಳೆಗೆ ನೆರಳೂ ಆಯಿತು. ಆದರೆ ತಿರುಗುವಾಗ ಒಳಮಗ್ಗುಲ ರೆಕ್ಕೆ ತಗ್ಗಿ, ಹೋಗಬೇಕಾದ ದಿಕ್ಕನ್ನೇ ಮರೆಮಾಡುತ್ತದೆ. ರೆಕ್ಕೆ ಕೆಳಗಿದ್ದರೆ ತಿರುವಿನ ನೋಟ ಚೆನ್ನು, ಕೆಳಗಿನ ನೋಟಕ್ಕೆ ಅಡ್ಡಿ. ನೆಲದ ಹತ್ತಿರ ಬಂದಾಗ ಕೆಳರೆಕ್ಕೆಯಡಿ ಗಾಳಿಯ ಮೆತ್ತೆ ಏರ್ಪಟ್ಟು, ವೇಗ ಸ್ವಲ್ಪ ಹೆಚ್ಚಿದ್ದರೂ ವಿಮಾನ ಇಳಿಯಲೊಲ್ಲದೆ ತೇಲಿಕೊಂಡು ಹೋಗುತ್ತದೆ. ಸೆಸ್ನಾದಲ್ಲಿ ಪೆಟ್ರೋಲ್ ಮೇಲಿನಿಂದ ತನ್ನ ಭಾರದಿಂದಲೇ ಇಳಿದು ಬರುತ್ತದೆ, ಎರಡು ಟ್ಯಾಂಕುಗಳಿಂದಲೂ ಒಟ್ಟಿಗೆ ಪಡೆಯಬಹುದು. ಚೆರೊಕೀಯಲ್ಲಿ ಪಂಪು ಬೇಕು. ಎಡದ ಟ್ಯಾಂಕು, ಬಲದ ಟ್ಯಾಂಕು ಎಂದು ಗಡಿಯಾರ ನೋಡಿ ಬದಲಾಯಿಸಬೇಕು. ಮರೆತರೆ ಒಂದು ಟ್ಯಾಂಕು ತುಂಬಿರುವಾಗಲೇ ಎಂಜಿನ್ ನಿಲ್ಲಬಹುದು. ಇಷ್ಟಾದರೂ ಆಧಾರ ತಪ್ಪುವ ವೇಳೆ ಚೆರೊಕೀಯ ನಡತೆ ಬಹಳ ಸೌಮ್ಯ. ತಟ್ಟನೆ ಕುಸಿಯುವುದಕ್ಕಿಂತ ತಲೆ ಅಲ್ಲಾಡಿಸುತ್ತ ಸಾವಕಾಶವಾಗಿ ಕೆಳಗಿಳಿಯುವುದೇ ಹೆಚ್ಚು.

ವೇಗದ ಹಂಬಲವಿರುವವರಿಗಾಗಿ ೧೯೪೭ರಲ್ಲಿಯೇ ಬೀಚ್‌ಕ್ರಾಫ್ಟ್ ಬೊನಾನ್ಜಾ ಬಂದಿತ್ತು. ನುಣುಪಾದ ಲೋಹದ ಮೈ, ಒಳಗೆ ಮಡಿಚಿಕೊಳ್ಳುವ ಗಾಲಿಗಳು, ಮೂರು ಅಲಗುಗಳ ಬದಲು ಇಂಗ್ಲಿಷಿನ ‘ವಿ’ ಅಕ್ಷರದಂತೆ ಎರಡೇ ಅಲಗಿನ ಬಾಲ. ಮೊದಲ ಮಾದರಿಯೇ ಗಂಟೆಗೆ ೨೮೦ ಕಿಲೋಮೀಟರ್ ಸಾಗುತ್ತಿತ್ತು. ಆದರೆ ನುಣುಪು ಮೈಗೆ ಇನ್ನೊಂದು ಮುಖವಿದೆ. ಕಬ್ ಮೂಗು ತಗ್ಗಿಸಿದರೆ ಗಾಳಿಯೇ ತಡೆದು ವೇಗ ನಿಧಾನವಾಗಿ ಏರುತ್ತದೆ. ಬೊನಾನ್ಜಾ ಮೂಗು ತಗ್ಗಿಸಿತೆಂದರೆ ಜಾರುಬಂಡೆಯ ಮೇಲಿನ ಮಗುವಿನಂತೆ ವೇಗ ಹೆಚ್ಚುತ್ತದೆ. ಮೋಡದೊಳಗೆ ಸಿಕ್ಕಿ ದಿಕ್ಕು ತಪ್ಪಿದವನು ಗಾಬರಿಯಿಂದ ಹಿಂದಕ್ಕೆ ಜಗ್ಗಿದರೆ ಮೈಯೇ ಮುರಿಯುವ ಅಪಾಯ. ಹೀಗೆ ಗಾಳಿಯಲ್ಲೇ ಮುರಿದ ಪ್ರಸಂಗಗಳು ನಡೆದು, ೧೯೮೭ರಲ್ಲಿ ಬಾಲವನ್ನು ಬಲಪಡಿಸಬೇಕೆಂದು ಅಮೆರಿಕ ಸರ್ಕಾರ ಆಜ್ಞೆ ಮಾಡಿತು. ಹಣವಿದ್ದು ಅಭ್ಯಾಸಕ್ಕೆ ಬಿಡುವಿಲ್ಲದ ವೈದ್ಯರು ಇದನ್ನು ಕೊಂಡು ಅಪಘಾತಕ್ಕೆ ಸಿಕ್ಕುತ್ತಾರೆಂದು ‘ಡಾಕ್ಟರರನ್ನು ಕೊಲ್ಲುವ ವಿಮಾನ’ ಎಂಬ ಕ್ರೂರ ಅಡ್ಡಹೆಸರೂ ಬಿತ್ತು. ಬೊನಾನ್ಜಾ ಕೆಟ್ಟ ವಿಮಾನವಲ್ಲ, ಪಳಗಿದ ಕೈಗೆ ಅದು ರತ್ನ. ಪಳಗದ ಕೈಗೆ ಕ್ಷಮೆ ತೋರುವುದಿಲ್ಲ, ಅಷ್ಟೆ.

ನಡತೆಯನ್ನು ತಿಳಿಯದಿರುವುದು ಎಂಥ ಬೆಲೆ ಕೇಳುತ್ತದೆ ಎಂಬುದಕ್ಕೆ ಒಂದು ಪ್ರಸಂಗ ಹೇಳುತ್ತೇನೆ. ೧೯೫೯ರ ಫೆಬ್ರವರಿ ೩ರಂದು, ನಡುರಾತ್ರಿ ಕಳೆದ ಮೇಲೆ, ಅಮೆರಿಕದ ಐಯೊವಾ ರಾಜ್ಯದ ಕ್ಲಿಯರ್ ಲೇಕ್ ಬಳಿಯಿಂದ ಒಂದು ಬೊನಾನ್ಜಾ ಹೊರಟಿತು. ಒಳಗೆ ಬಡ್ಡಿ ಹಾಲಿ, ರಿಚಿ ವ್ಯಾಲೆನ್ಸ್, ಜೆ. ಪಿ. ರಿಚರ್ಡ್‌ಸನ್ ಎಂಬ ಮೂವರು ಜನಪ್ರಿಯ ಗಾಯಕರು. ನಡೆಸುವವನು ೨೧ ವರ್ಷದ ತರುಣ. ಹಿಮ ಬೀಳುವ ಹವೆ, ದಿಗಂತ ಕಾಣದ ಕತ್ತಲು. ಹೊರಗೇನೂ ಕಾಣದಾಗ ಒಳಗಿನ ಮಾಪಕಗಳನ್ನು ಮಾತ್ರ ನಂಬಿ ಹಾರುವ ಅರ್ಹತಾಪತ್ರ ಆ ತರುಣನಿಗೆ ಇರಲಿಲ್ಲ. ಅಷ್ಟೇ ಅಲ್ಲ, ಮೂಗು ಮೇಲಿದೆಯೋ ಕೆಳಗಿದೆಯೋ ಎಂಬುದನ್ನು ಆ ವಿಮಾನದ ಮಾಪಕ, ಅವನು ರೂಢಿ ಮಾಡಿಕೊಂಡಿದ್ದ ಮಾಪಕಕ್ಕೆ ವಿರುದ್ಧವಾದ ರೀತಿಯಲ್ಲಿ ತೋರಿಸುತ್ತಿತ್ತು. ಕೆಲವೇ ನಿಮಿಷಗಳಲ್ಲಿ ವಿಮಾನ ಹೊಲಕ್ಕೆ ಅಪ್ಪಳಿಸಿತು, ನಾಲ್ವರೂ ತೀರಿಕೊಂಡರು. ತನಿಖೆ ನಡೆಸಿದವರಿಗೆ ಎಂಜಿನ್ನಿನಲ್ಲಾಗಲಿ ಮೈಯಲ್ಲಾಗಲಿ ದೋಷ ಕಂಡುಬರಲಿಲ್ಲ. ಮಾಪಕಗಳನ್ನು ನಂಬಿ ಹಾರಬೇಕಾದ ರಾತ್ರಿಯಲ್ಲಿ ಅದಕ್ಕೆ ಅರ್ಹತೆಯಿಲ್ಲದ ವೈಮಾನಿಕ ಹೊರಟದ್ದೇ ಕಾರಣವೆಂದು ಅವರು ತೀರ್ಮಾನಿಸಿದರು. ವಿಮಾನ ಸರಿಯಾಗಿತ್ತು, ವೈಮಾನಿಕನೂ ಉತ್ಸಾಹಿ, ಒಬ್ಬರಿಗೊಬ್ಬರು ಹೊಂದಿಕೆಯಾಗಿರಲಿಲ್ಲ.

ಹಾಗಾದರೆ ವೇಗವೂ ಬೇಕು, ಕ್ಷಮೆಯೂ ಬೇಕು ಎಂದರೆ? ೨೦೦೦ದ ಇಸವಿಯಲ್ಲಿ ಬಂದ ಸಿರಸ್ ಎಸ್‌ಆರ್ ೨೨ ಇದಕ್ಕೊಂದು ಉತ್ತರ. ಗಾಜಿನ ನಾರನ್ನು ಅಂಟಿನಲ್ಲಿ ಎರೆದು ಮಾಡಿದ ನುಣ್ಣನೆಯ ಮೈ, ೩೧೦ ಅಶ್ವಶಕ್ತಿ, ಗಾಲಿಗಳು ಮಡಿಚದಿದ್ದರೂ ಗಂಟೆಗೆ ೩೩೫ ಕಿಲೋಮೀಟರಿನಷ್ಟು ವೇಗ. ವೇಗ ಎರಡರಷ್ಟಾಗಬೇಕಾದರೆ ಸ್ಥೂಲವಾಗಿ ಎಂಟರಷ್ಟು ಶಕ್ತಿ ಬೇಕು ಎಂಬುದು ಗಾಳಿಯ ನಿಯಮ. ಕಬ್‌ನ ಐದರಷ್ಟು ಶಕ್ತಿಯೂ ಇಲ್ಲದೆ ಸಿರಸ್ ಅದರ ವೇಗದ ಎರಡೂ ಮುಕ್ಕಾಲರಷ್ಟು ಹೋಗುತ್ತದೆ ಎಂದರೆ, ಅದು ಮುಖ್ಯವಾಗಿ ಮೈಯ ನುಣುಪಿನ ಮಹಿಮೆ. ಆದರೆ ಆಧಾರ ತಪ್ಪುವ ವೇಗ ಸುಮಾರು ೧೧೦ ಕಿಲೋಮೀಟರ್. ಎಂಜಿನ್ ಕೈಕೊಟ್ಟು ಹೊಲದಲ್ಲಿ ಇಳಿಯಬೇಕಾಗಿ ಬಂದರೆ ಪೆಟ್ಟಿನ ಬಲ ವೇಗದ ವರ್ಗಕ್ಕೆ ತಕ್ಕಂತೆ ಹೆಚ್ಚುತ್ತದೆ. ತೂಕ ಒಂದೇ ಎಂದಿಟ್ಟುಕೊಂಡರೂ ೬೦ರಲ್ಲಿ ಇಳಿಯುವ ಕಬ್‌ಗಿಂತ ಇದು ಮೂರರಷ್ಟಕ್ಕೂ ಮಿಗಿಲು. ಒಂದೇ ಎಂಜಿನ್ನಿನ ಪುಟ್ಟ ವಿಮಾನಗಳ ಆಧಾರ ತಪ್ಪುವ ವೇಗ ೧೧೩ ಕಿಲೋಮೀಟರ್ ಮೀರಬಾರದೆಂದು ಅಮೆರಿಕದಲ್ಲಿ ಬಹುಕಾಲ ನಿಯಮವಿದ್ದದ್ದು ಈ ಕಾರಣಕ್ಕಾಗಿಯೇ.

ಇದಕ್ಕೆ ಪರಿಹಾರವಾಗಿ ಸಿರಸ್‌ನಲ್ಲಿ ಇಡೀ ವಿಮಾನವನ್ನೇ ಹೊತ್ತಿಳಿಸುವ ಪ್ಯಾರಾಚೂಟ್ ಇದೆ. ಮೇಲಿನ ಹಿಡಿ ಎಳೆದರೆ ಪುಟ್ಟ ರಾಕೆಟ್ ಹಾರಿ ಛತ್ರಿಯನ್ನು ಬಿಚ್ಚುತ್ತದೆ. ಇಷ್ಟಾದರೂ ಮೊದಮೊದಲು ಈ ವಿಮಾನದ ಅಪಘಾತಗಳು ಎಣಿಸಿದಷ್ಟು ತಗ್ಗಲಿಲ್ಲ. ಛತ್ರಿ ಇದ್ದರೂ ಎಳೆಯಲು ಕೈಬಾರದೆ, ಹೇಗಾದರೂ ಇಳಿಸಿಯೇನು ಎಂಬ ಹಟದಲ್ಲಿ ಕಾಲ ಕಳೆದವರು ಅನೇಕರು. ತಗ್ಗಿಗೆ ಬಂದ ಮೇಲೆ ಎಳೆದರೆ ಬಿಚ್ಚಿಕೊಳ್ಳಲು ಸಮಯವಿಲ್ಲ. ಬೇಗ ನಿರ್ಧರಿಸಿ ಎಳೆಯುವುದನ್ನೂ ಪಾಠವಾಗಿ ಕಲಿಸತೊಡಗಿದ ಮೇಲೆ ಸಾವುಗಳು ಇಳಿಮುಖವಾದವು. ಉಪಕರಣ ಎಷ್ಟೇ ಉತ್ತಮವಾಗಿರಲಿ, ಅಭ್ಯಾಸವಿಲ್ಲದಿದ್ದರೆ ಅದು ಬೀರುವಿನಲ್ಲಿಟ್ಟ ಔಷಧಿಯಂತೆ.

ನಮ್ಮ ಊರಿನ ಮಾತನ್ನೂ ಆಡೋಣ. ಬೆಂಗಳೂರಿನ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆಯಲ್ಲಿ ತಯಾರಾದ ಪುಷ್ಪಕ್ ೧೯೫೮ರಲ್ಲಿ ಮೊದಲು ಹಾರಿತು. ಮೇಲುರೆಕ್ಕೆ, ಬಟ್ಟೆಯ ಹೊದಿಕೆ, ಬಾಲದ ಗಾಲಿ, ಅಕ್ಕಪಕ್ಕದಲ್ಲಿ ಎರಡು ಆಸನ, ೯೦ ಅಶ್ವಶಕ್ತಿ. ಕಬ್‌ನ ವಂಶದ ಗುಣವೇ. ದೇಶದ ಹಲವು ಫ್ಲೈಯಿಂಗ್ ಕ್ಲಬ್ಬುಗಳಲ್ಲಿ ಒಂದು ತಲೆಮಾರು ಅದರಲ್ಲಿ ಹಾರಲು ಕಲಿಯಿತು. ಬೆಂಗಳೂರಿನ ರಾಷ್ಟ್ರೀಯ ವೈಮಾಂತರಿಕ್ಷ ಪ್ರಯೋಗಾಲಯ ರೂಪಿಸಿದ ಹಂಸ ೧೯೯೩ರಲ್ಲಿ ಹಾರಿತು. ಇದೂ ಇಬ್ಬರದೇ, ಆದರೆ ಕೆಳರೆಕ್ಕೆ, ಮೂಗಿನ ಗಾಲಿ, ನಾರಿನ ಮೈ. ಲೋಕದ ಪುಟ್ಟ ವಿಮಾನಗಳು ನಡೆದ ದಾರಿಯನ್ನೆಲ್ಲ ಈ ಎರಡರ ನಡುವೆ ಕಾಣಬಹುದು.

ಆದರೆ ಯಾವ ವಿಮಾನವಾದರೂ ಜಕ್ಕೂರಿನ ಬಯಲಿನಿಂದ ಏಳುವಾಗ ಒಂದು ಲೆಕ್ಕ ಮರೆಯಬಾರದು. ಬೆಂಗಳೂರು ಸಮುದ್ರಮಟ್ಟಕ್ಕಿಂತ ಸುಮಾರು ೯೦೦ ಮೀಟರ್ ಎತ್ತರದಲ್ಲಿದೆ. ಅಲ್ಲಿ ಗಾಳಿ ತೆಳು. ಬೇಸಗೆಯ ಮಧ್ಯಾಹ್ನ ಉಷ್ಣತೆ ೩೦ ಡಿಗ್ರಿ ಮುಟ್ಟಿದರೆ ಇನ್ನೂ ತೆಳುವಾಗಿ, ವಿಮಾನದ ಪಾಲಿಗೆ ಅದು ೧,೬೦೦ ಮೀಟರಿಗೂ ಎತ್ತರದ ಬೆಟ್ಟದಂತೆ. ಎಂಜಿನ್ನಿನ ಶಕ್ತಿ ಇಳಿಯುತ್ತದೆ, ಪ್ರೊಪೆಲರಿನ ಹಿಡಿತ ಕಡಿಮೆ, ರೆಕ್ಕೆಯ ಆಧಾರ ಕಡಿಮೆ. ಮಂಗಳೂರಿನ ತಂಪು ಬೆಳಗಿನಲ್ಲಿ ಏಳಲು ಸಾಕಾಗುವ ಓಟಕ್ಕೆ ಇಲ್ಲಿ ಸುಮಾರು ಒಂದೂವರೆಯಷ್ಟು ಉದ್ದ ಬೇಕಾದೀತು. ತಯಾರಕರ ಪಟ್ಟಿಯ ಮೊದಲ ಸಾಲಿನ ಅಂಕಿ ಸಮುದ್ರಮಟ್ಟದ್ದು ಎಂಬುದನ್ನು ನೆನಪಿಡಿ.

ಕೊನೆಗೆ ನೀವು ಕೇಳಬೇಕಾದ ಪ್ರಶ್ನೆಗಳು ಯಾವುವು? ಎಷ್ಟು ವೇಗ ಹೋಗುತ್ತದೆ ಎಂದು ಎಲ್ಲರೂ ಕೇಳುತ್ತಾರೆ. ನೀವು, ಎಷ್ಟು ನಿಧಾನವಾಗಿ ಹೋಗಬಲ್ಲದು ಎಂದು ಕೇಳಿ. ಎಷ್ಟು ಆಸನವೆಂದಲ್ಲ, ಪೆಟ್ರೋಲ್ ತುಂಬಿದ ಮೇಲೆ ಎಷ್ಟು ತೂಕ ಉಳಿಯುತ್ತದೆ ಎಂದು ಕೇಳಿ. ಆಧಾರ ತಪ್ಪುವ ಮೊದಲು ಎಚ್ಚರಿಕೆ ಕೊಡುತ್ತದೆಯೇ, ಒಂದು ರೆಕ್ಕೆ ತಟ್ಟನೆ ಕುಸಿಯುತ್ತದೆಯೇ ಎಂದು ಕೇಳಿ. ಎಲ್ಲಕ್ಕಿಂತ ಮುಖ್ಯವಾಗಿ, ನಡೆಸುವವರು ಇದೇ ಜಾತಿಯ ವಿಮಾನದಲ್ಲಿ ಈಚೆಗೆ ಎಷ್ಟು ಗಂಟೆ ಹಾರಿದ್ದಾರೆ ಎಂದು ನಾಚಿಕೆಯಿಲ್ಲದೆ ಕೇಳಿ. ಒಳ್ಳೆಯ ವೈಮಾನಿಕ ಈ ಪ್ರಶ್ನೆಗೆ ಮುನಿಯುವುದಿಲ್ಲ. ನಗುತ್ತ ತನ್ನ ದಿನಚರಿಯ ಪುಸ್ತಕವನ್ನೇ ತೆರೆದು ತೋರಿಸುತ್ತಾನೆ. “ಈ ಹೊತ್ತು ಹವೆ ಸರಿಯಿಲ್ಲ, ನಾಳೆ ಹೋಗೋಣ” ಎಂದು ಅವನು ಹೇಳಿದರೆ ನಿರಾಶರಾಗಬೇಡಿ. ಅಂಥವನ ಪಕ್ಕದಲ್ಲಿ ಕೂತು ಹಾರಲು ಒಂದು ದಿನ ಕಾಯುವುದು ನಷ್ಟವಲ್ಲ.